ಮರದ ಹಲಗೆಯ ಸಾಕ್ಷಿ

ಬೆಂಡೆಕಾಯಿಯನ್ನು ಅಡ್ಡ ಕೊಯ್ದು, ಬಣ್ಣದಲ್ಲಿ ಅದ್ದಿ ಕಾಗದಕ್ಕೆ ಒತ್ತಿದರೆ ಹೂವು ಮೂಡುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ಅದೊಂದು ಆಟ. ಅದೇ ಅಚ್ಚಿನ ವಿದ್ಯೆ ಒಂದು ಊರಿನ ಸಂಕಟವನ್ನೂ ಉಳಿಸಿಕೊಡಬಲ್ಲದೆಂದು ನನಗೆ ತಿಳಿದದ್ದು, ದಕ್ಷಿಣ ಕೊರಿಯಾದ ಗ್ವಾಂಗ್ಜು ನಗರದ ಚಿತ್ರಗಳನ್ನು ಪುಸ್ತಕವೊಂದರಲ್ಲಿ ನೋಡಿದಾಗ.

1979ರ ಅಕ್ಟೋಬರಿನಲ್ಲಿ ಅಲ್ಲಿನ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಕೊಲೆಯಾದರು. ಡಿಸೆಂಬರಿನಲ್ಲಿ ಚುನ್ ಡೂ ಹ್ವಾನ್ ಎಂಬ ಸೇನಾಧಿಕಾರಿ ಸೈನ್ಯವನ್ನು ಕೈವಶ ಮಾಡಿಕೊಂಡ. 1980ರ ಮೇ 17ರಂದು ಸೇನಾಡಳಿತ ದೇಶಕ್ಕೆಲ್ಲ ಹರಡಿತು. ಮರುದಿನ ಗ್ವಾಂಗ್ಜುವಿನಲ್ಲಿ ಪ್ರತಿಭಟಿಸಿದ ವಿದ್ಯಾರ್ಥಿಗಳನ್ನು ಸೈನಿಕರು ಬಡಿದರು. ಅದನ್ನು ಕಂಡ ಊರಿನವರೂ ಬೀದಿಗಿಳಿದರು. ಮೇ 21ರಂದು ಗುಂಪಿನ ಮೇಲೆ ಗುಂಡು ಹಾರಿತು. ಜನ ಬಗ್ಗಲಿಲ್ಲ, ಸೈನ್ಯವೇ ಊರಾಚೆಗೆ ಸರಿಯಿತು. ಕೆಲವು ದಿನ ಊರು ಜನರ ಕೈಯಲ್ಲಿತ್ತು. ಮೇ 27ರ ಬೆಳಗಿನ ಜಾವ ಸೈನ್ಯ ಮತ್ತೆ ನುಗ್ಗಿತು. ಅಧಿಕೃತ ಲೆಕ್ಕದಲ್ಲೇ 160ಕ್ಕೂ ಹೆಚ್ಚು ನಾಗರಿಕರು ಸತ್ತರು.

ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿತ್ತು. ಆ ದಿನಗಳನ್ನು ಊರಿನಲ್ಲೇ ಇದ್ದು ಕಂಡ ಹೋಂಗ್ ಸುಂಗ್ ದಾಮ್ ಎಂಬ ಕಲಾವಿದರು ಉಳಿ ಹಿಡಿದರು. ಹಲಗೆಯಲ್ಲಿ ಬೇಡದ್ದನ್ನು ಕೆತ್ತಿ ತೆಗೆದು, ಉಬ್ಬಿ ನಿಂತದ್ದಕ್ಕೆ ಮಸಿ ಬಳಿದು, ಕಾಗದವಿಟ್ಟು ಉಜ್ಜಿದರೆ ಚಿತ್ರ ಸಿದ್ಧ. ದೊಡ್ಡ ಯಂತ್ರ ಬೇಡ. ಒಂದು ಪ್ರತಿ ಕಸಿದುಕೊಂಡರೆ ಇನ್ನೊಂದು ಒತ್ತಬಹುದು. ಆ ದಶಕದಲ್ಲಿ ಅವರು ಕೆತ್ತಿದ ಮೇ ತಿಂಗಳ ಸರಣಿಯಲ್ಲಿ ಸುಮಾರು 50 ಚಿತ್ರಗಳಿವೆ. 1989ರಲ್ಲಿ ಬೇರೊಂದು ಭಿತ್ತಿಚಿತ್ರದ ಕಾರಣಕ್ಕೆ ಅವರು ಸೆರೆಮನೆ ಸೇರಿದರು.

ಸರಣಿಯಲ್ಲಿ ಲಾಠಿಯಿದೆ, ಹೆಣವಿದೆ. ಆದರೆ 1984ರ ಒಂದು ಚಿತ್ರದಲ್ಲಿ ಅನ್ನವಿದೆ. ಮಾರುಕಟ್ಟೆಯ ಹೆಂಗಸರು ಅನ್ನ ಬೇಯಿಸಿ, ಉಪ್ಪು ಹಾಕಿ, ಉಂಡೆ ಕಟ್ಟಿ, ಬೀದಿಯಲ್ಲಿದ್ದವರಿಗೆ ಹಂಚಿದ್ದರು. ನಮ್ಮ ಕೈತುತ್ತಿನ ಹಾಗೆಯೇ. ಆ ಪುಟವನ್ನು ನಾನು ಬಹಳ ಹೊತ್ತು ಮಗುಚಲಿಲ್ಲ. ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಯಾವ ಯುದ್ಧ, ಯಾವ ಇಸವಿ ಎಂದು ಮಕ್ಕಳನ್ನು ಕೇಳಿದ್ದೇನೆ. ಅನ್ನ ಬೇಯಿಸಿದವರು ಯಾರೆಂದು ಒಮ್ಮೆಯೂ ಕೇಳಿಲ್ಲ. ದಿನವೂ ಒಲೆ ಆರಿಸಿ ತರಗತಿಗೆ ಓಡುವ ನಾನೇ ಕೇಳಿಲ್ಲ!

1996ರಲ್ಲಿ ನ್ಯಾಯಾಲಯ ಚುನ್‌ಗೆ ಶಿಕ್ಷೆ ವಿಧಿಸಿತು. 2011ರಲ್ಲಿ ಆ ದಿನಗಳ ದಾಖಲೆಗಳು ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿದವು. ಅಲ್ಲಿಯವರೆಗೆ ಸಾಕ್ಷಿ ಹೇಳಿದವುಗಳಲ್ಲಿ ಈ ಮರದ ಹಲಗೆಗಳೂ ಸೇರಿದ್ದವು.

ಆ ವಾರ ತರಗತಿಯಲ್ಲಿ ದಂಡಿ ಯಾತ್ರೆಯ ಪಾಠವಿತ್ತು. "ಅಷ್ಟು ಜನಕ್ಕೆ ದಾರಿಯಲ್ಲಿ ಅಡುಗೆ ಮಾಡಿದವರು ಯಾರು?" ಎಂದು ಕೇಳಿದೆ.

"ಪುಸ್ತಕದಲ್ಲಿ ಇಲ್ಲ ಮಿಸ್" ಎಂದಳು ಮುಂದಿನ ಬೆಂಚಿನ ಹುಡುಗಿ.

"ಇಲ್ಲ, ನಿಜ. ಅದಕ್ಕೇ ಕೇಳಿದೆ" ಎಂದೆ.