ಫ್ರಾನ್ಸಿಸ್ ಕೆಲ್ಸಿ: ಅರವತ್ತು ದಿನಗಳ ಗಡುವು ಮತ್ತು ಪುರಾವೆಯ ಹೊಣೆ

ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಾರದಂತೆ ತಡೆದ ಫ್ರಾನ್ಸಿಸ್ ಓಲ್ಡ್‌ಹ್ಯಾಮ್ ಕೆಲ್ಸಿ (1914–2015) ಅವರನ್ನು ಒಬ್ಬಂಟಿ ವೀರನಾರಿಯಾಗಿ ಚಿತ್ರಿಸುವ ರೂಢಿ 1962ರ ಪತ್ರಿಕಾ ವರದಿಗಳಿಂದಲೇ ಶುರುವಾಯಿತು. ಆ ಚಿತ್ರ ಸುಳ್ಳಲ್ಲ. ಆದರೆ ಅವರ ನಿಲುವಿನ ಬೇರು ಎರಡು ದಶಕಗಳ ಪ್ರಯೋಗಾಲಯದ ಅನುಭವದಲ್ಲಿತ್ತೆಂಬುದು ಅದರಲ್ಲಿ ಮರೆಯಾಗುತ್ತದೆ.

1937ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ, ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಎಲಿಕ್ಸಿರ್ ಸಲ್ಫನಿಲಮೈಡ್ ಎಂಬ ಸಿರಪ್ಪಿನ ಅಧ್ಯಯನದಲ್ಲಿ ಅವರು ನೆರವಾದರು. ಪ್ರಾಣ ತೆಗೆದದ್ದು ಔಷಧವನ್ನು ಕರಗಿಸಲು ಬಳಸಿದ್ದ ಡೈಎಥಿಲೀನ್ ಗ್ಲೈಕಾಲ್. (1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳ ಸಾವಿಗೆ ಕಾರಣವಾದದ್ದೂ ಗ್ಲಿಸರಿನ್‌ಗೆ ಬೆರೆತಿದ್ದ ಇದೇ ರಾಸಾಯನಿಕ.) ಯುದ್ಧಕಾಲದ ಮಲೇರಿಯಾ ಸಂಶೋಧನೆಯಲ್ಲಿ ಅವರು ಕಂಡುಕೊಂಡ ಇನ್ನೊಂದು ಸಂಗತಿ ಮುಂದೆ ನಿರ್ಣಾಯಕವಾಯಿತು: ಬೆಳೆದ ಮೊಲ ಅರಗಿಸಿಕೊಳ್ಳುವ ಕ್ವಿನೈನನ್ನು ಗರ್ಭದೊಳಗಿನ ಮರಿ ಅರಗಿಸಿಕೊಳ್ಳಲಾರದು.

1960ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ಸೇರಿದ ಅವರ ಮೇಜಿಗೆ ಮರುತಿಂಗಳೇ, ಥಾಲಿಡೊಮೈಡನ್ನು ಕೆವಡಾನ್ ಎಂಬ ಹೆಸರಿನಲ್ಲಿ ಮಾರಲು ಮೆರೆಲ್ ಔಷಧ ಕಂಪನಿ ಸಲ್ಲಿಸಿದ ಅರ್ಜಿ ಬಂತು. ಆಗ ಜಾರಿಯಲ್ಲಿದ್ದ 1938ರ ಕಾಯಿದೆಯಂತೆ 60 ದಿನಗಳೊಳಗೆ ಅಧಿಕಾರಿ ಆಕ್ಷೇಪಿಸದಿದ್ದರೆ ಔಷಧ ತಾನಾಗಿಯೇ ಮಾರಾಟಕ್ಕೆ ಅರ್ಹವಾಗುತ್ತಿತ್ತು. ಕೆಲ್ಸಿ ಅರ್ಜಿಯನ್ನು ತಿರಸ್ಕರಿಸಲಿಲ್ಲ; ಅಪೂರ್ಣವೆಂದು ಹಿಂದಿರುಗಿಸಿದರು. ಮತ್ತೆ ಬಂದಾಗ ಮತ್ತೆ ಅದೇ ಉತ್ತರ. ಪ್ರತಿ ಸಲವೂ ಗಡುವು ಮೊದಲಿನಿಂದ ಎಣಿಕೆಯಾಗುತ್ತಿತ್ತು. 1960ರ ಡಿಸೆಂಬರ್ 31ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವೈದ್ಯ ಲೆಸ್ಲಿ ಫ್ಲಾರೆನ್ಸ್ ಒಂದು ಪುಟ್ಟ ಪತ್ರ ಬರೆದಿದ್ದರು: ಈ ಮಾತ್ರೆಯನ್ನು ಬಹುಕಾಲ ನುಂಗಿದವರ ಕೈಕಾಲು ಜೋಮು ಹಿಡಿಯುತ್ತಿವೆ. ಅದನ್ನು ಓದಿದ ಕೆಲ್ಸಿಗೆ ಹೊಳೆದ ಪ್ರಶ್ನೆ: ದೊಡ್ಡವರ ನರಗಳಿಗೇ ಹೀಗಾದರೆ ಭ್ರೂಣದ ಗತಿಯೇನು? ಗರ್ಭಿಣಿಯರಿಗೆ ಇದು ಸುರಕ್ಷಿತವೆಂಬುದಕ್ಕೆ ಆಧಾರ ಕೊಡಿ ಎಂದು 1961ರ ಮೇ ತಿಂಗಳಲ್ಲಿ ಅವರು ಕಂಪನಿಯನ್ನು ಕೇಳಿದರು. ಅಂಥ ಆಧಾರ ಬರಲೇ ಇಲ್ಲ. ನವೆಂಬರಿನಲ್ಲಿ ಜರ್ಮನಿಯಲ್ಲಿ ಮಾತ್ರೆ ವಾಪಸಾಯಿತು. ಅಷ್ಟರಲ್ಲಿ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದ್ದರು.

ಅಮೆರಿಕವೂ ಪೂರ್ತಿ ಪಾರಾಗಲಿಲ್ಲ. ಪ್ರಯೋಗದ ಹೆಸರಿನಲ್ಲಿ ಕಂಪನಿ ಸಾವಿರಕ್ಕೂ ಹೆಚ್ಚು ವೈದ್ಯರಿಗೆ ಸುಮಾರು 25 ಲಕ್ಷ ಮಾತ್ರೆಗಳನ್ನು ಹಂಚಿತ್ತು. ತಮ್ಮ ಮೇಲೆ ಪ್ರಯೋಗ ನಡೆಯುತ್ತಿದೆಯೆಂಬುದೇ ಅನೇಕ ರೋಗಿಗಳಿಗೆ ಗೊತ್ತಿರಲಿಲ್ಲ. 1962ರ ಅಕ್ಟೋಬರಿನ ಕೆಫಾವರ್–ಹ್ಯಾರಿಸ್ ತಿದ್ದುಪಡಿ ಈ ಕಂಡಿಯನ್ನು ಮುಚ್ಚಿತು: ಪ್ರಯೋಗಕ್ಕೆ ರೋಗಿಯ ಒಪ್ಪಿಗೆ ಬೇಕು, ಔಷಧ ಫಲಕಾರಿಯೆಂದು ತಯಾರಕನೇ ರುಜುವಾತುಪಡಿಸಬೇಕು, ಅಧಿಕಾರಿಯ ಮೌನ ಇನ್ನು ಸಮ್ಮತಿಯಾಗದು.

ಅದೇ ವರ್ಷದ ಆಗಸ್ಟ್ 7ರಂದು ಅಧ್ಯಕ್ಷ ಕೆನಡಿ ನೀಡಿದ ಪದಕವೇ ಹೆಚ್ಚು ಪ್ರಸಿದ್ಧ. ನನ್ನ ಮಟ್ಟಿಗೆ ಹೆಚ್ಚು ತೂಕದ್ದು ಆಮೇಲಿನ ನಾಲ್ಕು ದಶಕಗಳ ದುಡಿಮೆ. ಹೊಸ ಔಷಧಗಳ ಪ್ರಯೋಗಗಳ ಮೇಲ್ವಿಚಾರಣೆ, ಆಮೇಲೆ ಸಂಶೋಧಕರು ಒಪ್ಪಿಸಿದ ದತ್ತಾಂಶ ನಿಜವೇ ಎಂಬ ತಪಾಸಣೆ ಅವರ ಪಾಲಿಗೆ ಬಂದವು. 2005ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಅವರು ನಿವೃತ್ತರಾದರು.