ಬಾಗಲಕೋಟೆ ಕಡೆಯ ಬಸುರಿ-ಬಾಣಂತಿಯರಿಗೆ ದೊರೆಯುವ ಆರೋಗ್ಯ ಸೌಲಭ್ಯಗಳು: ಧರ್ಮಕೇಂದ್ರದ ಕಾರ್ಯಕರ್ತರಿಗೆ ಮಾಹಿತಿ

ಕರಾವಳಿಗೆ ಕಟ್ಟಡ, ರಸ್ತೆ ಹಾಗೂ ಬಂದರು ಕೆಲಸಕ್ಕೆ ಬಂದಿರುವ ಉತ್ತರ ಕರ್ನಾಟಕದವರನ್ನೆಲ್ಲ ನಾವು 'ಬಿಜಾಪುರದವರು' ಎಂದು ಒಂದೇ ಮಾತಿನಲ್ಲಿ ಕರೆದುಬಿಡುತ್ತೇವೆ. ಕೇಳಿ ನೋಡಿದರೆ ಅವರಲ್ಲಿ ಅನೇಕರು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯವರು. ಬಾಗಲಕೋಟೆ 1997ರಲ್ಲಿಯೇ ಪ್ರತ್ಯೇಕ ಜಿಲ್ಲೆಯಾಗಿದೆ. ಸೊಲ್ಲಾಪುರದಿಂದ ಮಂಗಳೂರಿಗೆ ಬರುತ್ತಿದ್ದ ಹಳೆಯ 13ನೇ ರಾಷ್ಟ್ರೀಯ ಹೆದ್ದಾರಿ ಹುನಗುಂದ, ಇಳಕಲ್ ಮೂಲಕವೇ ಹಾದು ಬರುತ್ತಿತ್ತು. 2019ರಲ್ಲಿ ಆರಂಭವಾದ ವಿಜಯಪುರ-ಮಂಗಳೂರು ರೈಲು ಬಾಗಲಕೋಟೆ, ಬಾದಾಮಿ ಮಾರ್ಗವಾಗಿ ಬರುತ್ತದೆ.

ಈ ಕುಟುಂಬಗಳಲ್ಲಿ ಬಸುರಿಯರಿದ್ದಾರೆ, ಹಸುಗೂಸುಗಳಿವೆ. ನಮ್ಮ ಧರ್ಮಕೇಂದ್ರಗಳ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು, ಸ್ತ್ರೀ ಸಂಘಟನೆಯವರು, ಧರ್ಮಭಗಿನಿಯರು ಇವರ ಶೆಡ್ಡುಗಳಿಗೆ ಭೇಟಿ ನೀಡುವುದುಂಟು. ಅಕ್ಕಿ, ಬಟ್ಟೆ ಕೊಡುವುದು ಒಳ್ಳೆಯದೇ. ಆದರೆ ಈ ತಾಯಂದಿರ ಮುಖ್ಯ ತೊಂದರೆ ಬೇರೆಯೇ ಇದೆ. ಸರಕಾರಿ ಸೌಲಭ್ಯ ಬಾದಾಮಿಯಲ್ಲೂ ಇದೆ, ಮಂಗಳೂರಿನಲ್ಲೂ ಇದೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡುವಾಗ ಅವರ ಹೆಸರು ಎರಡೂ ಕಡೆಯ ಪುಸ್ತಕಗಳಿಂದ ಬಿಟ್ಟುಹೋಗುತ್ತದೆ.

ತಾಯಿ ಕಾರ್ಡ್

ಬಸುರಿ ಎಂದು ತಿಳಿದ ಕೂಡಲೇ, 12 ವಾರಗಳ ಒಳಗೆ, ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಸಹಾಯಕಿಯ ಬಳಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ಅದರಲ್ಲಿ ಒಂದು ನೋಂದಣಿ ಸಂಖ್ಯೆ ಇರುತ್ತದೆ. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ತೂಕ, ಹಿಂದಿನ ಹೆರಿಗೆಯ ವಿವರ, ಮುಂದೆ ಮಗುವಿನ ಲಸಿಕೆಯ ದಾಖಲೆ ಎಲ್ಲವೂ ಅದರಲ್ಲಿಯೇ. ಹೆರಿಗೆ ನೋವಿನಲ್ಲಿ ಬಂದವಳ ಕೈಯಲ್ಲಿ ಈ ಕಾರ್ಡ್ ಇಲ್ಲವಾದರೆ ವೈದ್ಯರು ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಬೇಕಾಗುತ್ತದೆ. ಆ ಅರ್ಧ ಗಂಟೆಯೇ ಕೆಲವೊಮ್ಮೆ ಬಹಳ ದುಬಾರಿ.

ಕಾರ್ಡ್ ಇದೆಯೇ ಎಂದು ಕೇಳಿದರೆ 'ಐತ್ರಿ' ಎನ್ನುತ್ತಾರೆ. ತೋರಿಸವ್ವಾ ಎಂದರೆ 'ಊರಾಗ ಬಿಟ್ಟು ಬಂದೀನ್ರಿ' ಎಂಬ ಉತ್ತರ. ಆದ್ದರಿಂದ ನೋಡಿಯೇ ಖಚಿತಪಡಿಸಿಕೊಳ್ಳಿ. ಊರಿನಲ್ಲಿದ್ದರೆ ಮನೆಯವರಿಂದ ಪ್ರತಿ ಪುಟದ ಫೋಟೋ ಮೊಬೈಲಿಗೆ ತರಿಸಿಕೊಂಡು ಇಲ್ಲಿನ ಆಶಾ ಕಾರ್ಯಕರ್ತೆಗೆ ತೋರಿಸಬಹುದು. ಕಾರ್ಡ್ ಮಾಡಿಸಿಯೇ ಇಲ್ಲವಾದರೆ ಇಲ್ಲಿಯೇ ಮಾಡಿಸಬಹುದು. ಊರಿನಲ್ಲಿಯೇ ಆಗಬೇಕೆಂಬ ನಿಯಮವಿಲ್ಲ.

ಹೊರಡುವ ಸಮಯ ತಿಳಿದಿರುವುದೂ ಅಗತ್ಯ. ಆ ಕಡೆ ಏಳನೇ ತಿಂಗಳ ಸುಮಾರಿಗೆ ಕುಬುಸ ಮಾಡಿ, ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯುವ ಪದ್ಧತಿ ಇದೆ. ಜನವರಿಯ ಬನಶಂಕರಿ ಜಾತ್ರೆ, ಯುಗಾದಿ, ನಾಗರ ಪಂಚಮಿಗೂ ಊರಿಗೆ ಹೋಗುತ್ತಾರೆ. ಬಂದರಿನಲ್ಲಿ ದುಡಿಯುವವರು ಜೂನ್-ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಹೊರಡುತ್ತಾರೆ. ಹೊರಡುವ ಮೊದಲು ಆಕೆಯ ತವರೂರಿನ (ಗಂಡನ ಊರಿನದಲ್ಲ) ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆ ಪಡೆದು, 'ಇಂಥವರು ಇಂಥ ದಿನ ಬರುತ್ತಿದ್ದಾರೆ' ಎಂದು ಒಂದು ಮಾತು ತಿಳಿಸಿದರೆ ಅಲ್ಲಿ ಆಕೆಯ ಹೆಸರು ಪುಸ್ತಕಕ್ಕೆ ಬರುತ್ತದೆ. ಇದಕ್ಕೆ ಯಾವ ಖರ್ಚೂ ಇಲ್ಲ.

ಹೆರಿಗೆ ಎಲ್ಲಿ?

ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಬಾದಾಮಿ ಮತ್ತು ಹುನಗುಂದಗಳಲ್ಲಿ ತಾಲೂಕು ಆಸ್ಪತ್ರೆ, ಇಳಕಲ್‌ನಲ್ಲಿ ಸರಕಾರಿ ಆಸ್ಪತ್ರೆ ಇವೆ. ನವನಗರದಲ್ಲಿ ಬಿ.ವಿ.ವಿ. ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿಗೆ ಸೇರಿದ ಕುಮಾರೇಶ್ವರ ಆಸ್ಪತ್ರೆಯೂ ಇದೆ. ಇಲ್ಲಿ ಹೆರಿಗೆಯಾಗುವುದಾದರೆ ಮಂಗಳೂರಿನ ಲೇಡಿ ಗೋಶನ್ ಆಸ್ಪತ್ರೆ, ಉಡುಪಿಯ ಸರಕಾರಿ ಹೆರಿಗೆ ಆಸ್ಪತ್ರೆ.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಪರೀಕ್ಷೆ, ಊಟ ಎಲ್ಲವೂ ಉಚಿತ. ಮನೆಗೆ ಬಿಡುವ ವಾಹನವೂ ಉಚಿತ. ಇದಕ್ಕೆ ಬಿಪಿಎಲ್ ಕಾರ್ಡ್ ಬೇಕಿಲ್ಲ, ಬೇರೆ ಜಿಲ್ಲೆಯವರೆಂಬ ಅಡ್ಡಿಯೂ ಇಲ್ಲ. ಬಿಪಿಎಲ್ ಹಾಗೂ ಪರಿಶಿಷ್ಟ ಕುಟುಂಬದವರಿಗೆ ಜನನಿ ಸುರಕ್ಷಾ ಯೋಜನೆಯ ಸಹಾಯಧನ ಪ್ರತ್ಯೇಕ. ನೋವು ಬಂದಾಗ 108ಕ್ಕೆ ಕರೆ ಮಾಡುವುದನ್ನು ಗಂಡಸರಿಗೂ ಹೇಳಿಕೊಡಿ. ಶೆಡ್ಡಿನ ಗುರುತು, ಹತ್ತಿರದ ಬಸ್ ನಿಲ್ದಾಣದ ಹೆಸರು ಅವರಿಗೆ ಬಾಯಿಪಾಠ ಬರಬೇಕು.

ರಾಜ್ಯದಲ್ಲಿ ಶೇ. 97 ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತಿವೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ತಾಯಂದಿರ ಮರಣ ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228 ಇದ್ದದ್ದು 2018-20ರ ಹೊತ್ತಿಗೆ 69ಕ್ಕೆ ಇಳಿದಿತ್ತು. ಇದು ಸಣ್ಣ ಸಾಧನೆಯಲ್ಲ. ಉಳಿದ ತೊಂದರೆ ಹೆಚ್ಚಾಗಿ ಆಸ್ಪತ್ರೆಯ ಹೊರಗಿದೆ.

ರಕ್ತಹೀನತೆ

ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45.7 ಹಾಗೂ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಹೋಗಲೇಬೇಕು. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆ, ಹೆರಿಗೆಯ ನಂತರ ಮತ್ತೆ 180 ಮಾತ್ರೆ ಉಚಿತವಾಗಿ ಸಿಗುತ್ತವೆ. ಸಿಗುವುದು ಬೇರೆ, ನುಂಗುವುದು ಬೇರೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಎರಡನೇ ವಾರಕ್ಕೇ ಬಿಟ್ಟವರು ಅನೇಕರು. ಮಲ ಕಪ್ಪಾಗುವುದರಿಂದ ಅಪಾಯವಿಲ್ಲವೆಂದು ತಿಳಿಸಿ. ರಾತ್ರಿ ಊಟದ ನಂತರ ನುಂಗಿದರೆ ತೊಳಸುವುದು ಕಡಿಮೆ. ಚಹಾದ ಜೊತೆ ನುಂಗಬಾರದು; ಕೆಲಸದ ಜಾಗದಲ್ಲಿ ಹೊತ್ತುಹೊತ್ತಿಗೆ ಚಹಾ ಕುಡಿಯುವವರಿಗೆ ಈ ಮಾತು ಮುಖ್ಯ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ಊರಿನಲ್ಲಿ ಸಜ್ಜೆ ರೊಟ್ಟಿ, ಹೆಸರುಕಾಳು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಪುಂಡಿ ಪಲ್ಲೆ ತಿನ್ನುತ್ತಿದ್ದವರು ಇಲ್ಲಿ ಬರಿಯ ಅನ್ನ-ಸಾರಿಗೆ ಇಳಿಯುತ್ತಾರೆ. ಊರಿನ ಊಟ ಬಿಡಬೇಡಿ ಎನ್ನುವುದೇ ಒಳ್ಳೆಯ ಸಲಹೆ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ, ಹಾಲು, ಮೊಟ್ಟೆ ದೊರೆಯುತ್ತದೆ. ಕೆಲಸಕ್ಕೆ ಹೋಗುವವಳು ಮಧ್ಯಾಹ್ನ ಅಂಗನವಾಡಿಗೆ ಬರುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದುದೇ. ಮೇಸ್ತ್ರಿಯ ಬಳಿ ಒಂದು ಮಾತು ಆಡುವುದು ಇಲ್ಲಿ ನಮ್ಮಿಂದಾಗುವ ಕೆಲಸ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ದಿನಗೂಲಿಯವರಿಗೆ ಆ ಒಂದು ದಿನ ರಜೆ ಸಿಗುವಂತೆ ಮಾಡಿದರೆ ಸಾಕು.

ಹುನಗುಂದ-ಇಳಕಲ್ ಭಾಗದ ಗ್ರಾನೈಟ್ ನೆಲದಲ್ಲಿ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಅಲ್ಲಿಗೆ ಮರಳುವ ಬಾಣಂತಿಯರು, ಮಕ್ಕಳು ಶುದ್ಧೀಕರಣ ಘಟಕದ ನೀರನ್ನೇ ಕುಡಿಯಲಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಜ್ವರ ಮತ್ತು ರಕ್ತಪರೀಕ್ಷೆ

ಮಂಗಳೂರಿನಲ್ಲಿ ಮಲೇರಿಯಾ ಈಗ ಬಹಳ ಇಳಿದಿದೆ, ಆದರೂ ಕಟ್ಟಡ ಕೆಲಸದ ಜಾಗದಲ್ಲಿ ಮಲಗುವ ಬಸುರಿಗೆ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ಊರಿಗೆ ಹೋದ ಮೇಲೆ ಜ್ವರ ಬಂದರೆ 'ಮಂಗಳೂರಿನಿಂದ ಬಂದೀನ್ರಿ' ಎಂದು ಅಲ್ಲಿನ ವೈದ್ಯರಿಗೆ ಹೇಳಲು ತಿಳಿಸಿ. ಅಂಗಡಿಯಿಂದ ತಾವೇ ಮಾತ್ರೆ ತರಬಾರದು; ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಗರ್ಭಿಣಿಯರಿಗೆ ಕೂಡದು.

2000ದ ದಶಕದಲ್ಲಿ ಬಾಗಲಕೋಟೆ ರಾಜ್ಯದಲ್ಲಿ ಎಚ್‌ಐವಿ ಸೋಂಕು ಹೆಚ್ಚಿದ್ದ ಜಿಲ್ಲೆಗಳಲ್ಲೊಂದಾಗಿತ್ತು. ಎಲ್ಲ ಜಿಲ್ಲೆಗಳಲ್ಲೂ ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆ ಉಚಿತವಾಗಿದೆ. ಬಾಗಲಕೋಟೆಯವಳೆಂದು ಬೇರೆ ಕಣ್ಣಿನಿಂದ ನೋಡುವುದು ತಪ್ಪು. ಸೋಂಕು ಇದ್ದರೂ ತಾಯಿ ಔಷಧ ತಪ್ಪಿಸದಿದ್ದರೆ ಮಗು ಸೋಂಕಿಲ್ಲದೆ ಹುಟ್ಟುವ ಸಾಧ್ಯತೆಯೇ ಬಹಳ ಹೆಚ್ಚು. ಊರು ಬದಲಿಸುವಾಗ ಔಷಧ ಪಡೆಯುವ ಕೇಂದ್ರವನ್ನೂ ಬದಲಿಸಿಕೊಳ್ಳಬಹುದು. ಯಾರ ವಿಷಯ ತಿಳಿದರೂ ಅದು ಸಭೆಯಲ್ಲಿ ಚರ್ಚೆಯಾಗಬಾರದು. 2017ರ ಕಾಯ್ದೆಯ ಪ್ರಕಾರ ಅದನ್ನು ಬಹಿರಂಗಪಡಿಸುವಂತಿಲ್ಲ.

ಹೆರಿಗೆಯ ನಂತರ

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ 6 ಬಾರಿ ಮನೆಗೆ ಬಂದು ತಾಯಿ-ಮಗುವನ್ನು ನೋಡಬೇಕು. ಶೆಡ್ಡಿನಲ್ಲಿರುವವಳ ವಿಳಾಸ ಆಕೆಗೆ ತಿಳಿಯದಿದ್ದರೆ ಈ ಭೇಟಿಗಳೇ ನಡೆಯುವುದಿಲ್ಲ. ಮಗು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ, ಉಸಿರಾಡುವಾಗ ಎದೆ ಒಳಗೆ ಎಳೆದರೆ, ತಾಯಿಗೆ ರಕ್ತಸ್ರಾವ, ಜ್ವರ ಅಥವಾ ಫಿಟ್ಸ್ ಬಂದರೆ ಬೆಳಗಾಗಲೆಂದು ಕಾಯಬಾರದು.

ಲಸಿಕೆ ಹುಟ್ಟಿದಾಗ, 6, 10, 14 ವಾರಗಳಲ್ಲಿ, 9 ತಿಂಗಳಿಗೆ, ನಂತರ 16ರಿಂದ 24 ತಿಂಗಳೊಳಗೆ. ಯಾವ ಊರಿನಲ್ಲಾದರೂ ಹಾಕಿಸಬಹುದು. ಮೆದುಳು ಜ್ವರದ ಲಸಿಕೆಯನ್ನು 2022ರ ಡಿಸೆಂಬರಿನ ಅಭಿಯಾನದಲ್ಲಿ ಬಾಗಲಕೋಟೆ, ದಕ್ಷಿಣ ಕನ್ನಡ, ಉಡುಪಿ ಮೂರೂ ಜಿಲ್ಲೆಗಳಲ್ಲಿ ಕೊಡಲಾಯಿತು. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಳೆಯುವ ಪಟ್ಟಿ ಅಂಗನವಾಡಿಯಲ್ಲಿದೆ. ಅಂಥ ಮಕ್ಕಳನ್ನು ತಾಯಿಯೊಂದಿಗೆ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿಕೊಳ್ಳುತ್ತಾರೆ.

ಹಣದ ನೆರವಿನಲ್ಲಿ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆ ಮುಖ್ಯವಾದುದು: ಮೊದಲ ಮಗುವಿಗೆ ಎರಡು ಕಂತುಗಳಲ್ಲಿ 5,000 ರೂ., ಎರಡನೆಯದು ಹೆಣ್ಣಾದರೆ 6,000 ರೂ. ಅರ್ಜಿ ಅಂಗನವಾಡಿಯಲ್ಲಿ, ಬ್ಯಾಂಕ್ ಖಾತೆ ತಾಯಿಯ ಹೆಸರಿನಲ್ಲಿದ್ದು ಆಧಾರ್ ಜೋಡಣೆಯಾಗಿರಬೇಕು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಮಹಿಳೆ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ಮೊದಲ ಎರಡು ಹೆರಿಗೆಗಳಿಗೆ ಪ್ರತ್ಯೇಕ ಸಹಾಯಧನವಿದೆ.

ಕೊನೆಯದಾಗಿ ಜನನ ಪ್ರಮಾಣಪತ್ರ. ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ 21 ದಿನಗಳೊಳಗೆ ನೋಂದಣಿಯಾಗಬೇಕು. ಹೆಸರು ಇಟ್ಟಿಲ್ಲವಾದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೆ ಸೇರಲು ಇದೇ ದಾಖಲೆ. ತಂದೆ-ತಾಯಿಯ ಹೆಸರಿನ ಅಕ್ಷರಗಳನ್ನು ಆಧಾರ್ ಕಾರ್ಡಿನೊಂದಿಗೆ ಸರಿಹೋಲಿಸಿ, ಪತ್ರ ಕೈಗೆ ಬಂದ ಮೇಲೆಯೇ ಊರಿಗೆ ಹೊರಡಲು ತಿಳಿಸಿ. ಇಲ್ಲಿ ಹುಟ್ಟಿದ ಮಗುವಿನ ದಾಖಲೆಯಲ್ಲಿ ತಪ್ಪಿದ್ದರೆ ಅದನ್ನು ಬಾದಾಮಿಯಲ್ಲಿ ತಿದ್ದಿಸಲು ಬರುವುದಿಲ್ಲ, ಮತ್ತೆ ಇಲ್ಲಿನ ಕಚೇರಿಗೇ ಬರಬೇಕಾಗುತ್ತದೆ.