ಜ್ಯಾಂಗೊ ದಾಖಲೀಕರಣ ಮತ್ತು ಹೊಸ ಕಲಿಕಾರ್ಥಿಗಳ ಪ್ರತಿಕ್ರಿಯೆ

ಜ್ಯಾಂಗೊ ಎಂಬುದು ಜಾಲತಾಣಗಳನ್ನು ನಿರ್ಮಿಸಲು ಬಳಸುವ, ಪೈಥಾನ್ ಭಾಷೆಯಲ್ಲಿ ರಚಿತವಾದ ಒಂದು ಮುಕ್ತ ವೆಬ್ ಫ್ರೇಮ್‌ವರ್ಕ್. ಅದರ ಬಳಕೆಯನ್ನು ವಿವರಿಸುವ ಅಧಿಕೃತ ಬರಹಗಳ ಸಮೂಹವನ್ನು ಜ್ಯಾಂಗೊ ದಾಖಲೀಕರಣ ಎನ್ನಲಾಗುತ್ತದೆ. ಈ ಬರಹಗಳ ಪರಿಷ್ಕರಣೆಯಲ್ಲಿ ನುರಿತವರಿಗೆ ಮಾತ್ರವಲ್ಲದೆ, ಮೊದಲ ಬಾರಿಗೆ ಕಲಿಯುತ್ತಿರುವವರಿಗೂ ಪಾತ್ರವಿದೆ.

ಹಿನ್ನೆಲೆ

ಅಮೆರಿಕದ ಕ್ಯಾನ್ಸಾಸ್ ರಾಜ್ಯದ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಜ್ಯಾಂಗೊವನ್ನು ರೂಪಿಸಲು ಆರಂಭಿಸಿದರು. 2005ರ ಜುಲೈನಲ್ಲಿ ಅದು ಸಾರ್ವಜನಿಕ ಬಳಕೆಗೆ ಮುಕ್ತವಾಯಿತು. ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಅವರ ನೆನಪಿಗೆ ಈ ಹೆಸರನ್ನಿಡಲಾಗಿದೆ.

ದಾಖಲೀಕರಣದ ರಚನೆ

ದಾಖಲೀಕರಣದಲ್ಲಿ ನಾಲ್ಕು ಬಗೆಯ ಬರಹಗಳಿವೆ: ಕೈಹಿಡಿದು ನಡೆಸುವ ಪಾಠಗಳು, ವಿಷಯ ವಿವರಣೆಗಳು, ಪರಾಮರ್ಶನ ಪುಟಗಳು ಮತ್ತು ನಿರ್ದಿಷ್ಟ ಕೆಲಸವೊಂದನ್ನು ಮಾಡುವ ವಿಧಾನವನ್ನು ತಿಳಿಸುವ ಪುಟಗಳು. ಇವೆಲ್ಲವೂ ತಂತ್ರಾಂಶದ ಕೋಡ್ ಇರುವ ಭಂಡಾರದಲ್ಲಿಯೇ ಇರುತ್ತವೆ. ಆದ್ದರಿಂದ ಬರಹದ ದೋಷವನ್ನೂ ಕೋಡ್‌ನ ದೋಷದಂತೆಯೇ ದಾಖಲಿಸಿ, ಪರಿಶೀಲಿಸಿ, ತಿದ್ದಲಾಗುತ್ತದೆ.

ಹೊಸಬರು ಎಡವುವ ಸ್ಥಳಗಳು

ಆರಂಭದ ಪಾಠವು ಮತ ಚಲಾಯಿಸುವ ಒಂದು ಪುಟ್ಟ ಜಾಲತಾಣವನ್ನು ಹಂತಹಂತವಾಗಿ ಕಟ್ಟಿಸುತ್ತದೆ. ಬಲ್ಲವರ ಕಣ್ಣಿಗೆ ಅದರಲ್ಲಿ ತೊಡಕೇನೂ ಕಾಣುವುದಿಲ್ಲ. ತಿಳಿದದ್ದನ್ನು ತಿಳಿಯದವರಂತೆ ಓದುವುದು ಬಹಳ ಕಷ್ಟ. ಉದಾಹರಣೆಗೆ, ಆದೇಶದ ಮುಂದೆ ಮುದ್ರಿತವಾಗಿರುವ ಡಾಲರ್ ಚಿಹ್ನೆಯು ಆದೇಶದ ಭಾಗವಲ್ಲ. ಅದನ್ನೂ ಸೇರಿಸಿ ಟೈಪ್ ಮಾಡಿದವರಿಗೆ ದೋಷಸಂದೇಶ ಎದುರಾಗುತ್ತದೆ. ವಿಂಡೋಸ್‌ನಲ್ಲಿ ಆದೇಶದ ರೂಪವೇ ಬೇರೆಯಾಗಿರುವುದರಿಂದ ಈಗ ಎರಡೂ ರೂಪಗಳನ್ನು ಪುಟದಲ್ಲಿ ಕೊಡಲಾಗಿದೆ.

ಹಿಂದಿನ ಆವೃತ್ತಿಗಳ ಪಾಠದಲ್ಲಿ ‘ಮೈಸೈಟ್’ ಎಂಬ ಫೋಲ್ಡರ್‌ನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಇರುತ್ತಿತ್ತು. ‘ಮೈಸೈಟ್‌ನಲ್ಲಿರುವ ಕಡತ’ ಎಂದರೆ ಯಾವುದೆಂದು ಹೊಸಬರಿಗೆ ತಿಳಿಯುವುದು ಹೇಗೆ? ಇತ್ತೀಚಿನ ಪಾಠದಲ್ಲಿ ಹೊರಗಿನ ಫೋಲ್ಡರ್‌ಗೆ ‘ಜ್ಯಾಂಗೊಟ್ಯುಟೋರಿಯಲ್’ ಎಂಬ ಬೇರೆ ಹೆಸರಿದೆ.

ದತ್ತಾಂಶದ ಮಾದರಿಯನ್ನು ಬದಲಿಸಿದ ಮೇಲೆ ‘ಮೇಕ್‌ಮೈಗ್ರೇಶನ್ಸ್’ ಮತ್ತು ‘ಮೈಗ್ರೇಟ್’ ಎಂಬ ಎರಡು ಆದೇಶಗಳನ್ನು ಕ್ರಮವಾಗಿ ನೀಡಬೇಕು. ಮೊದಲನೆಯದು ಬದಲಾವಣೆಯ ಕಡತವನ್ನು ಸಿದ್ಧಪಡಿಸುತ್ತದೆ, ಎರಡನೆಯದು ಅದನ್ನು ದತ್ತಸಂಚಯಕ್ಕೆ ಅನ್ವಯಿಸುತ್ತದೆ. ಎರಡನೆಯದನ್ನು ಮರೆತರೆ ಕೋಷ್ಟಕವೇ ಇಲ್ಲವೆಂಬ ಸಂದೇಶ ಬರಬಹುದು. ಇಂತಹ ಕಡೆಗಳಲ್ಲಿ ಕಲಿಯುವವರು ತಪ್ಪು ತಮ್ಮದೇ ಎಂದು ಭಾವಿಸಿ ಮೌನವಾಗಿ ಹಿಂದೆ ಸರಿಯುವುದುಂಟು. ಹಾಗಾದಾಗ ವಿವರಣೆಯ ಕೊರತೆಯು ಬರೆದವರಿಗೆ ತಿಳಿಯುವುದೇ ಇಲ್ಲ.

ಭಾಷೆಯ ನಿಯಮ

ಕೆಲಸದ ಕಷ್ಟವನ್ನು ಕಿರಿದಾಗಿ ತೋರಿಸುವ ಪದಗಳನ್ನು ಬಳಸಬಾರದೆಂದು ದಾಖಲೀಕರಣದ ಬರವಣಿಗೆಯ ಮಾರ್ಗದರ್ಶಿ ಸೂಚಿಸುತ್ತದೆ. ‘ಸುಲಭವಾಗಿ’, ‘ಸರಳವಾಗಿ’, ‘ಇಷ್ಟು ಮಾಡಿದರೆ ಸಾಕು’ ಎಂಬ ಅರ್ಥದ ಇಂಗ್ಲಿಷ್ ಪದಗಳು ಈ ಪಟ್ಟಿಯಲ್ಲಿವೆ. ಇದು ಚಿಕ್ಕ ನಿಯಮವೆನಿಸಿದರೂ ಮಹತ್ವದ್ದು: ‘ಸುಲಭ’ ಎಂದು ಹೇಳಿದ ಕೆಲಸ ಕೈಗೂಡದವರು ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ.

ಪ್ರತಿಕ್ರಿಯೆ ಸಲ್ಲಿಸುವ ಕ್ರಮ

ಅಕ್ಷರದೋಷದಂತಹ ಸಣ್ಣ ತಿದ್ದುಪಡಿಗಳನ್ನು ಗಿಟ್‌ಹಬ್ ಮೂಲಕ ನೇರವಾಗಿ ಕಳುಹಿಸಬಹುದು. ಅದಕ್ಕಿಂತ ದೊಡ್ಡ ಬದಲಾವಣೆಗೆ ‘ಟ್ರ್ಯಾಕ್’ ಎಂಬ ವ್ಯವಸ್ಥೆಯಲ್ಲಿ ಟಿಕೆಟ್ ದಾಖಲಿಸಬೇಕು. ‘ಅರ್ಥವಾಗಲಿಲ್ಲ’ ಎಂದಷ್ಟೇ ಬರೆದರೆ ತಿದ್ದುವವರಿಗೆ ದಾರಿ ಕಾಣುವುದಿಲ್ಲ. ಯಾವ ಪುಟದ ಯಾವ ವಾಕ್ಯ, ಜ್ಯಾಂಗೊದ ಯಾವ ಆವೃತ್ತಿ, ಯಾವ ಕಾರ್ಯಾಚರಣೆ ವ್ಯವಸ್ಥೆ, ತಾನು ಏನು ಮಾಡಿದೆ, ಏನನ್ನು ನಿರೀಕ್ಷಿಸಿದೆ, ಏನು ನಡೆಯಿತು ಎಂಬುದನ್ನು ತಿಳಿಸಬೇಕು. ಆವೃತ್ತಿಯ ಉಲ್ಲೇಖ ವಿಶೇಷವಾಗಿ ಮುಖ್ಯ. ಹಳೆಯ ಜ್ಯಾಂಗೊ ಇಟ್ಟುಕೊಂಡು ಹೊಸ ಪಾಠ ಓದುವುದರಿಂದಲೂ ಗೊಂದಲಗಳು ಹುಟ್ಟುತ್ತವೆ. ಗೊಂದಲ ಬಗೆಹರಿಯುವ ಮೊದಲೇ ಅದನ್ನು ಬರೆದಿಡುವುದು ಒಳ್ಳೆಯದು, ಅರ್ಥವಾದ ಮೇಲೆ ಅದು ಮರೆತುಹೋಗುತ್ತದೆ.

ಇತರ ಪ್ರಯತ್ನಗಳು

2014ರಲ್ಲಿ ಬರ್ಲಿನ್‌ನಲ್ಲಿ ಮೊದಲ ಕಾರ್ಯಾಗಾರ ನಡೆಸಿದ ‘ಜ್ಯಾಂಗೊ ಗರ್ಲ್ಸ್’ ಪ್ರತ್ಯೇಕ ಪಾಠವೊಂದನ್ನು ಸಿದ್ಧಪಡಿಸಿದೆ. ಅಂತರಜಾಲ ಕೆಲಸ ಮಾಡುವ ಬಗೆ ಮತ್ತು ಆದೇಶ ಸಾಲಿನ ಪರಿಚಯವೂ ಅದರಲ್ಲಿ ಇರುವುದರಿಂದ ಪೂರ್ವಜ್ಞಾನವಿಲ್ಲದವರಿಗೂ ಅದು ನೆರವಾಗುತ್ತದೆ. ಜ್ಯಾಂಗೊ ತಂತ್ರಾಂಶದೊಳಗಿನ ಸಂದೇಶಗಳಿಗೆ ಅನುವಾದವಿರುವ ಭಾಷೆಗಳಲ್ಲಿ ಕನ್ನಡವೂ ಒಂದು.